ಟರ್ಬೋ ಇಲ್ಲದ ಟರ್ಬೋ ಗಾಡಿ

೨೦೦೪ರ ಡಿಸೆಂಬರ್ ಆರು, ಸೋಮವಾರ ಬೆಳಿಗ್ಗೆ ದೇಶಪಾಂಡೆ ನಗರದ ರಜನಿ ಎಂಬ ಯುವತಿ ಠಾಣೆಗೆ ಬಂದು ಲಿಖಿತ ದೂರು ಕೊಟ್ಟಳು. ಕಾರು ಕಳುವಾಗಿಲ್ಲ, ಕಾರಿನೊಳಗಿನ ಟರ್ಬೋ ಕಳುವಾಗಿದೆ ಎಂಬುದು ಅದರ ಸಾರಾಂಶ. ಇನ್ಸ್‌ಪೆಕ್ಟರ್ ಶಶಿಕಾಂತ ಅದನ್ನು ಎರಡು ಸಲ ಓದಿದರು. ಸ್ಟೆಪ್ನಿ ಕದ್ದವರನ್ನೂ ಟೇಪ್‌ರೆಕಾರ್ಡರ್ ಕದ್ದವರನ್ನೂ ಅವರು ಹಿಡಿದಿದ್ದುಂಟು. ಈ ಜಾತಿಯ ಕಳ್ಳ ಇನ್ನೂ ಸಿಕ್ಕಿರಲಿಲ್ಲ.

"ಗಾಡಿ ಎಲ್ಲೈತ್ರಿ?"

"ಹೊರಗ ನಿಂತೈತ್ರಿ ಸರ್. ನಾನ ಓಡಿಸ್ಕೊಂಡ ಬಂದೇನಿ."

"ಟರ್ಬೋ ಇಲ್ಲದ ಹೆಂಗ ಓಡ್ತು?"

"ಓಡತೈತ್ರಿ, ಕಸುವಿಲ್ಲ ಅಷ್ಟ. ಧಾರವಾಡಕ್ಕ ಹೋಗೂವಾಗ ನವಲೂರ ಏರಿನ್ಯಾಗ ಮುದಿ ಎಮ್ಮಿ ಹಂಗ ಉಬ್ಬಸ ಪಡತೈತಿ. ಕಂಪನಿ ಮೇಸ್ತ್ರಿ ಬಾನೆಟ್ ಎತ್ತಿ, ಅಕ್ಕಾರ, ಇದು ಹೆಸರಿಗಷ್ಟ ಟರ್ಬೋ ಗಾಡಿ ಅಂದ."

ಟರ್ಬೋ ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಏರಿಸುವ, ತೆಂಗಿನಕಾಯಿ ಗಾತ್ರದ ಒಂದು ಯಂತ್ರ. ಐಪಿಸಿ ೩೭೯ರ ಅಡಿ ಎಫ್‌ಐಆರ್ ದಾಖಲಾಯಿತು. ಪಂಚರ ಸಮಕ್ಷಮ ಬಾನೆಟ್ ತೆರೆದು ಪಂಚನಾಮೆ ಮಾಡಿದಾಗ ಗೊಂದಲ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಒಂದು ಬೋಲ್ಟಿಗೂ ಪೆಟ್ಟು ಬಿದ್ದಿರಲಿಲ್ಲ. ಟರ್ಬೋ ಇದ್ದ ಜಾಗದಲ್ಲಿ ಬೇರೆ ಕೊಳವೆ ಕೂರಿಸಿ, ಎಣ್ಣೆ ಸೋರದಂತೆ ಅಚ್ಚುಕಟ್ಟಾಗಿ ಬಂದ್ ಮಾಡಲಾಗಿತ್ತು.

"ಕಳ್ಳ ಭಾಳ ಮರ್ಯಾದಸ್ಥ ಅದಾನ್ರಿ ಸರ್" ಎಂದ ಹೆಡ್ ಕಾನ್‌ಸ್ಟೆಬಲ್ ಬೀರಲಿಂಗಪ್ಪ.

ಗಾಡಿ ರಜನಿಯ ತಂದೆ ದ್ಯಾಮಣ್ಣನವರ ಹೆಸರಿನಲ್ಲಿತ್ತು. ಅಮರಗೋಳದ ಮಾರುಕಟ್ಟೆಯಲ್ಲಿ ಅವರದು ಹತ್ತಿ ವ್ಯಾಪಾರ. ಮಧ್ಯಾಹ್ನ ಅಂಗಡಿಗೆ ಹೋದ ಪೊಲೀಸರಿಗೆ ಚಹಾ ತರಿಸಿದರು, ತಾವು ಮಾತ್ರ ಕುಡಿಯಲಿಲ್ಲ.

"ಹೋದದ್ದು ಹೋತ್ರಿ ಸಾಹೇಬ್ರ. ಹುಡುಗಿಗೆ ತಿಳಿಯೂದಿಲ್ಲ. ಕೇಸು ಗೀಸು ಬ್ಯಾಡ್ರಿ."

"ಕಳಕೊಂಡಾವ್ರು ನೀವು. ಹುಡುಕಬ್ಯಾಡ ಅಂತೀರಿ?"

ದ್ಯಾಮಣ್ಣ ಹತ್ತಿಯ ಎಳೆಯೊಂದನ್ನು ಬೆರಳಲ್ಲಿ ಹೊಸೆಯತೊಡಗಿದರು.

ಉಳಿದದ್ದನ್ನು ರಜನಿ ಹೇಳಿದಳು. ದೀಪಾವಳಿ ಮುಗಿದ ಮೇಲೆ ಅಪ್ಪನೂ ಅವರ ತಮ್ಮ ಅಮರೇಶ ಕಾಕಾನೂ ಪಾಲಾಗಿದ್ದರು. ಜಗಳವೇನಿಲ್ಲ, ಮಕ್ಕಳು ದೊಡ್ಡವರಾದರು, ಮನೆ ಸಾಲದಾಯಿತು. ಕೊನೆಗೆ ಉಳಿದದ್ದು ಎರಡು ಕಾರು. ಎರಡೂ ಒಂದೇ ಕಂಪನಿಯವು, ಎಂಜಿನ್ನೂ ಒಂದೇ ತರಹದ್ದು. ಹಳೆಯದಕ್ಕೆ ಟರ್ಬೋ ಇಲ್ಲ, ಹೊಸದಕ್ಕೆ ಇದೆ. ಅವರ ಮನೆತನದ ಪದ್ಧತಿ ಒಂದೇ: ಹಿರಿಯ ಪಾಲು ಮಾಡಬೇಕು, ಕಿರಿಯ ಮೊದಲು ಆರಿಸಬೇಕು. ದ್ಯಾಮಣ್ಣ ಎರಡೂ ಕೀಲಿಕೈಗಳನ್ನು ಹಿರಿಯರ ಮುಂದೆ ತಟ್ಟೆಯಲ್ಲಿಟ್ಟರು. ಅಮರೇಶ ಹಳೆಯ ಗಾಡಿಯ ಕೀಲಿಕೈ ಎತ್ತಿಕೊಂಡ. ಕೂತವರಿಗೆಲ್ಲ ಸೋಜಿಗ.

"ಪಾಲಿಗೆ ಮೊದಲು ಗಾಡಿ ಎಲ್ಲರೆ ಬಿಟ್ಟಿದ್ರೇನು?" ಶಶಿಕಾಂತ ಕೇಳಿದರು.

"ತಾರಿಹಾಳದಾಗ ಪಂಢರಿನಾಥ ಮೇಸ್ತ್ರಿ ಕಡೆ, ಸರ್ವೀಸಿಗೆ. ಎರಡೂ ಗಾಡಿ ಕೂಡೇ ಹೋಗಿದ್ದೂರಿ."

ತಾರಿಹಾಳದ ಗ್ಯಾರೇಜಿಗೆ ಬೀಗ. ಮೇಸ್ತ್ರಿ ಲಗ್ನಕ್ಕೆಂದು ಮೀರಜಿಗೆ ಹೋಗಿದ್ದಾನೆ, ನಾಳೆ ಬರುತ್ತಾನೆ ಎಂದರು ಪಕ್ಕದವರು. ವಾಪಸು ಬರುವಾಗ ಪೊಲೀಸ್ ಜೀಪನ್ನು ಹಳೆಯ ಬಿಳಿ ಕಾರೊಂದು ಸುಂಯ್ ಎಂದು ಶಿಳ್ಳೆ ಹೊಡೆಯುತ್ತ ಹಿಂದೆ ಹಾಕಿತು.

"ಸರ್, ಅದು ಅಮರೇಶನ ಗಾಡೀರಿ" ಎಂದ ಬೀರಲಿಂಗಪ್ಪ, ರಜನಿ ಬರೆಸಿದ್ದ ನಂಬರು ನೋಡಿ.

ಅಡ್ಡಗಟ್ಟಿ ನಿಲ್ಲಿಸಿದರೆ ಅಮರೇಶ ನಗುತ್ತ ಇಳಿದ.

"ಹಳೇ ಗಾಡಿ ಇಷ್ಟ ಜೋರ್ ಹೆಂಗ ಓಡಾಕತ್ತೈತಿ?"

"ನನಗೂ ಅದ ತಿಳೀವಲ್ದ್ರಿ. ಪಾಲಾದ ಮ್ಯಾಲೆ ಕುದರಿ ಆಗೇತಿ. ಅಣ್ಣ ಛಲೋ ಸರ್ವೀಸ್ ಮಾಡಿಸ್ಯಾನ ಅಂದ್ಕೊಂಡೆ."

ಬಾನೆಟ್ ಎತ್ತಿದರು. ಟರ್ಬೋ ಅಲ್ಲೇ ಇತ್ತು. ಅದರ ಮೇಲೆ ಕೊರೆದಿದ್ದ ನಂಬರು ಹೊಸ ಗಾಡಿಯ ಕಾಗದದಲ್ಲಿದ್ದ ನಂಬರಿಗೆ ತಾಳೆಯಾಯಿತು. ಅಮರೇಶನ ನಗು ಅಲ್ಲಿಗೇ ನಿಂತಿತು.

ಕಳುವಿನ ಮಾಲು ಯಾರ ಕೈಯಲ್ಲಿ ಸಿಕ್ಕಿತೋ ಅವನನ್ನು ಹಿಡಿಯುವುದು ಪೊಲೀಸರ ಕೆಲಸ. ಆದರೂ ಶಶಿಕಾಂತರಿಗೆ ಲೆಕ್ಕ ಕೂಡಲಿಲ್ಲ. ಮೊದಲು ಆರಿಸುವ ಹಕ್ಕು ಇವನದು. ಬೇಕಿದ್ದರೆ ಇಡೀ ಟರ್ಬೋ ಗಾಡಿಯನ್ನೇ ಆರಿಸಬಹುದಿತ್ತು. ಅದನ್ನು ಬಿಟ್ಟು ಬಿಡಿಭಾಗ ಕದ್ದು ಹಳೆಯದಕ್ಕೆ ಕೂರಿಸುವ ತಲೆತಿರುಕ ಯಾರಿದ್ದಾನು?

ಮರುದಿನ ಮುಂಜಾನೆ ಅಮರೇಶನನ್ನು ಠಾಣೆಗೆ ಕರೆಸಿ ಬೆಂಚಿನ ಮೇಲೆ ಕೂರಿಸಿದರು. ರಜನಿ ಓಡಿ ಬಂದು, ದೂರು ವಾಪಸು ಕೊಡ್ರಿ ಎಂದು ಅಳತೊಡಗಿದಳು. ಎಫ್‌ಐಆರ್ ಆದ ಮೇಲೆ ವಾಪಸಿಲ್ಲ.

"ಕಾಕಾ ಅಂಥಾವ್ರಲ್ಲರಿ ಸರ್."

"ಹಂಗಾದ್ರ ಯಾರು ಅಂಥಾವ್ರು?"

ಅಮರೇಶ ಬೀರಲಿಂಗಪ್ಪನಿಗೆ ಮೆಲ್ಲಗೆ, "ಅಣ್ಣಗ ಹೇಳ್ರಿ, ನಾ ಏನೂ ಮಾಡಿಲ್ಲ ಅಂತ. ಅವ ನಂಬಿದ್ರ ಸಾಕು" ಎಂದ. ಆ ಮಾತು ಮುಗಿಯುವಾಗ ದ್ಯಾಮಣ್ಣ ಬಾಗಿಲಲ್ಲಿ ನಿಂತಿದ್ದರು.

ಅವರು ತಮ್ಮನ ಕಡೆ ನೋಡಲಿಲ್ಲ. ನೇರವಾಗಿ ಬಂದು ಮೇಜಿನ ಮೇಲೆ ಎರಡೂ ಕೈ ಊರಿದರು.

"ಅವನ್ನ ಬಿಡ್ರಿ ಸಾಹೇಬ್ರ. ತೆಗಸಿದಾಂವ ನಾನು, ಹಚ್ಚಿಸಿದಾಂವನೂ ನಾನು."

"ನಿಮ್ಮ ಗಾಡಿದು ನೀವ ಕದ್ರಿ?"

"ಆವಾಗ ಅದು ನನ್ನದಾಗಿರಲಿಲ್ಲರಿ. ಪಾಲಿಗೆ ಮೊದಲ ಮಾಡಿಸಿದ್ದು. ಹೊಸಾದು ಅವನ ಆರಿಸತಾನ, ಹಳೇದು ನನಗ ಉಳೀತೈತಿ ಅಂತ ಮನಸಿನ್ಯಾಗಿತ್ತು."

ಮೀರಜಿನಿಂದ ಬಂದಿಳಿದ ಪಂಢರಿನಾಥನೂ ಅದನ್ನೇ ಹೇಳಿಕೆ ಕೊಟ್ಟ. "ನಾ ಹೇಳಿದ್ನಿರಿ. ಹಳೇ ಎಂಜಿನ್ನಿಗೆ ಟರ್ಬೋ ಕೂರಸಬ್ಯಾಡ್ರಿ, ತಡಕೊಳ್ಳೂದಿಲ್ಲ, ಒಂದಿನ ಸಿಡೀತೈತಿ. ಟರ್ಬೋ ಬೇಕಾದ್ರ ಟರ್ಬೋ ಗಾಡಿನ ಇಟ್ಕೋರಿ ಅಂತ. ಕೇಳಲಿಲ್ಲ. ಒಂದ ಮನಿ ಗಾಡಿ, ನನಗೇನು ಅಂತ ಮಾಡಿಕೊಟ್ಟೆ."

ಶಶಿಕಾಂತ ತಲೆ ಕೆರೆದುಕೊಂಡರು. ಕದ್ದವನೂ ಇವನೇ, ಕಳೆದುಕೊಂಡವನೂ ಇವನೇ. ಕಳವಿನ ಕಲಂ ನಿಲ್ಲುತ್ತದೋ ಇಲ್ಲವೋ, ತಮ್ಮನಿಗೆ ಮೋಸ ಮಾಡಲು ಹೊರಟದ್ದಂತೂ ಖರೆ. ವಂಚನೆಯ ಯತ್ನದ ಕಲಂ ಸೇರಿಸಲು ಬೀರಲಿಂಗಪ್ಪನಿಗೆ ಹೇಳಿದರು.

"ಮೇಸ್ತ್ರಿ ಹೇಳಿದ್ದು ಖರೇನ ಐತಲ್ರಿ ದ್ಯಾಮಣ್ಣಾರ. ಹೊಸ ಗಾಡಿನ ಬೇಕು ಅಂತ ಬಾಯಿಬಿಟ್ಟ ಕೇಳಬೇಕಿತ್ತು."

"ಹಿರಿಯಾಂವ ಕೇಳೂದು ಹೆಂಗ್ರಿ? ಹೋಳಿಗಿ ಇರಲಿ, ಹೋರಿ ಇರಲಿ, ಸಣ್ಣಾಂವ ಇದ್ದಾಗಿಂದ ಪಾಲು ಮಾಡೂದು ನಾನು, ಆರಿಸೂದು ಅವ. ಐವತ್ತು ದಾಟಿದೆ. ಒಮ್ಮೆರೆ ಛಲೋದು ನನಗ ಬರಲಿ ಅನಿಸ್ತರಿ. ಹೊಟ್ಟೆಕಿಚ್ಚು ಅನ್ರಿ, ಏನರೆ ಅನ್ರಿ."

ಬೆಂಚಿನಿಂದ ಅಮರೇಶ ಎದ್ದು ಬಂದ.

"ನಾ ಹಳೇದು ಯಾಕ ಎತ್ತಿಕೊಂಡೆ ಗೊತ್ತೈತೇನಣ್ಣಾ? ನಿನಗ ಒಮ್ಮೆನೂ ಛಲೋದು ಬಂದಿಲ್ಲಲ್ಲ ಅಂತ."

ದ್ಯಾಮಣ್ಣ ಕುರ್ಚಿಯಲ್ಲಿ ಕುಸಿದು ಮುಖ ಮುಚ್ಚಿಕೊಂಡು ಅತ್ತರು. ಠಾಣೆಯಲ್ಲಿ ಯಾರೂ ಅವರನ್ನು ಸುಮ್ಮನಿರಿಸಲು ಹೋಗಲಿಲ್ಲ.

ಬೀರಲಿಂಗಪ್ಪ ಬಂಧನದ ಮೆಮೊ ಬರೆಯತೊಡಗಿದ. ಹೆಸರು, ವಯಸ್ಸು, ಉದ್ಯೋಗ ಮುಗಿದು, ಬಂಧನದ ಸುದ್ದಿ ತಿಳಿಸಬೇಕಾದ ಸಂಬಂಧಿಕರ ಸಾಲಿಗೆ ಬಂದ.

"ಯಾರ ಹೆಸರು ಬರೀಲ್ರಿ?"

ದ್ಯಾಮಣ್ಣ, "ತಮ್ಮಂದು ಬರೀರಿ, ಅವ ಒಪ್ಪಿದ್ರ" ಎಂದರು.

ಅಮರೇಶ ಪೆನ್ನು ಇಸಿದುಕೊಂಡು ಸಹಿ ಹಾಕಿದ. ಆಮೇಲೆ ಜಾಮೀನಿಗೆ ಯಾವ ವಕೀಲರು ಛಲೋ ಎಂದು ಬೀರಲಿಂಗಪ್ಪನನ್ನೇ ಕೇಳಿದ.