ಎಡಗಡೆ ಫೆಂಡರ್

"ನೀವು ಕಳಿಸಿರೋ ಎಡಗಡೆ ಫೆಂಡರ್ ಕೂರ್ತಿಲ್ಲ. ಅಳತೆ ತಪ್ಪಿದೆ," ಅಂದಿತು ಫೋನಿನಲ್ಲಿ ಒಂದು ಗಂಡು ದನಿ.

ಅವಳಿಗೆ ಮೂಗಿನ ತುದಿಯಲ್ಲೇ ಕೋಪ. ಹಳೆಯ ಕಾರುಗಳಿಗೆ ಬಾನೆಟ್, ಚಕ್ರದ ಮೇಲಿನ ಫೆಂಡರ್ ಅಂತ ಫೈಬರ್ ಬಾಡಿ ಮಾಡಿಕೊಡುವ ವರ್ಕ್‌ಶಾಪ್ ಅವಳದು. ಅಚ್ಚು ತೆಗೆಯುವುದರಿಂದ ಹಿಡಿದು ಉಜ್ಜಿ ನುಣುಪು ಮಾಡುವವರೆಗೆ ಎಲ್ಲ ಅವಳದೇ ಕೈ.

"ನನ್ನ ಅಳತೆ ತಪ್ಪಲ್ಲ. ನಿಮ್ಮ ಕಾರೇ ಸೊಟ್ಟಗಿರಬೇಕು."

"ಹಾಗಾದ್ರೆ ಬಂದು ನೋಡಿ."

"ಬರ್ತೀನಿ. ಬಂದು ತೋರಿಸ್ತೀನಿ."

ಮಾರನೇ ದಿನ ಬೆಳಿಗ್ಗೆಯೇ ಹೋದಳು. ಗ್ಯಾರೇಜಿನ ನಡುವೆ ಎರಡೇ ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು, ಮೈಮೇಲೆ ಅರ್ಧ ಬಟ್ಟೆ ತೊಟ್ಟ ಹಾಗೆ ನಿಂತಿತ್ತು. ಅದರ ಪಕ್ಕದಿಂದ ಎದ್ದವನ ಹುಬ್ಬಿನ ಮೇಲೆಲ್ಲ ಬಿಳೀ ಪುಟ್ಟಿ ಪುಡಿ. ಕೈ ಚಾಚಿದ, ಗ್ರೀಸ್ ಕಂಡು ಹಿಂದಕ್ಕೆಳೆದುಕೊಂಡ. ಫೋನಿನಲ್ಲಿ ಅಷ್ಟು ಗಡುಸಾಗಿದ್ದವನು ಇವನೇನಾ ಅನ್ನಿಸಿತು.

"ಇವನು ನನ್ನ ತಮ್ಮನ ಮಗ," ಅಂದರು ಸ್ಟೂಲಿನ ಮೇಲೆ ಕೂತಿದ್ದ ಬೆಳ್ಳಿ ಕೂದಲ ಹೆಂಗಸು. "ಮನೇಲೆಲ್ಲ ಮೊಂಡ ಅಂತೀವಿ. ಹೆದರಬೇಡಮ್ಮ."

"ನಾನೇನು ಕಡಿಮೆ ಮೊಂಡಿ ಅಲ್ಲ ಬಿಡಿ."

ಅವನ ತುಟಿಯಂಚಿನಲ್ಲಿ ಒಂದು ನಗು ಇಣುಕಿ ಮಾಯವಾಯಿತು. ಅವಳು ನೋಡಿಯೂ ನೋಡದವಳಂತೆ ಕಾರಿನ ಕಡೆ ತಿರುಗಿದಳು.

ಕಾರು ಅವನ ಆ ಸೋದರತ್ತೆಯದು. ಹರೆಯದಲ್ಲಿ ಅವರು ಅದರಲ್ಲಿ ಬೆಟ್ಟ ಹತ್ತುವ ರೇಸಿಗೆ ಇಳಿದು, ಕೊನೆಯ ತಿರುವಿನಲ್ಲಿ ಜಾರಿ ಬಂಡೆಗೆ ಗುದ್ದಿದ್ದರು. ಅವರಪ್ಪ ಕಾರನ್ನು ಶೆಡ್ಡಿಗೆ ತಳ್ಳಿ ಬೀಗ ಜಡಿದರು. ಅದರ ಜೊತೆ ಮಗಳ ಆಸೆಗೂ. ಈಗ ಅದೇ ಬೆಟ್ಟದಲ್ಲಿ ಹಳೆಯ ಕಾರುಗಳ ರೇಸ್ ಇಟ್ಟಿದ್ದರು.

"ಆ ತಿರುವನ್ನ ಒಂದು ಸಲ ಸರಿಯಾಗಿ ದಾಟಬೇಕು. ಅಷ್ಟೇ ನನಗೆ," ಅಂದರು ಅತ್ತೆ.

ಇಬ್ಬರೂ ಟೇಪ್ ಹಿಡಿದರು. ಅವನ ಕಾರಿನ ಅಡಿಯ ಚಾಸಿ ನೆಟ್ಟಗಿತ್ತು. ಅವಳ ಫೆಂಡರ್ ಅಚ್ಚಿಗೆ ಸರಿಯಾಗಿತ್ತು. ಆದರೂ ಫೆಂಡರ್ ಇಟ್ಟರೆ ಬಾಗಿಲ ಪಕ್ಕದ ಸಂದಿನಲ್ಲಿ ಬೆರಳೇ ತೂರುತ್ತಿತ್ತು. ಅವಳು ಸುಮ್ಮನೆ ಬಲಗಡೆಗೂ ಟೇಪ್ ಎಳೆದಳು. ಎಡಕ್ಕಿಂತ ಬಲ ಗಿಡ್ಡ.

"ಇದು ಕೈಯಲ್ಲಿ ಬಡಿದು ಮಾಡಿದ ಕಾರು. ಎರಡೂ ಕಡೆ ಒಂದೇ ಥರ ಇಲ್ಲ," ಅಂದಳು. "ನಾನು ಅಚ್ಚು ತೆಗೆದಿದ್ದು ಇದೇ ಮಾಡೆಲ್‌ನ ಬೇರೆ ಕಾರಿಂದ. ಅದರ ಅಳತೆ ಇದಕ್ಕೆ ಬರಲ್ಲ."

"ಅಂದ್ರೆ ತಪ್ಪು ಯಾರದ್ದೂ ಅಲ್ಲ."

"ಜಗಳ ಆಡೋಕೆ ಅಷ್ಟು ದೂರದಿಂದ ಬಂದಿದ್ದೆ. ದಂಡ ಆಯ್ತು."

ಈ ಸಲ ಅವನು ಬಾಯ್ತುಂಬ ನಕ್ಕ. ಹುಬ್ಬಿನ ಪುಡಿ ಉದುರಿತು.

ಉದ್ದ ಮಾಡಲು ಅವಳು ತನ್ನ ಫೆಂಡರನ್ನು ತಾನೇ ಎರಡಾಗಿ ಕತ್ತರಿಸಿದಳು. ಅವನು ಎರಡೂ ಕೈಯಲ್ಲಿ ಅದನ್ನು ಅಲುಗದಂತೆ ಹಿಡಿದುಕೊಂಡಿದ್ದ. "ಮಾಡಿದ ಕೈಯಲ್ಲೇ ಕೊಯ್ಯೋಕೆ ಸಂಕಟ ಆಗಲ್ವಾ?" ಅಂದ.

"ಆಗುತ್ತೆ. ಅದಕ್ಕೇ ಮಾತಾಡಿಸಬೇಡಿ."

ನಡುವೆ ಫೈಬರ್ ಬಟ್ಟೆ ಹಾಸಿ, ರೆಸಿನ್ ಅಂಟು ಬಳಿದು ಬೆಸೆದಳು. ಅವನು ತಾನು ಕಷ್ಟಪಟ್ಟು ಕೂರಿಸಿದ್ದ ಬಾಗಿಲನ್ನು ಬಿಚ್ಚಿ ಮತ್ತೆ ಕೂರಿಸಿದ. ಇಡು, ನೋಡು, ತೆಗೆ, ಉಜ್ಜು. ದಿನಗಳು ಹಾಗೇ ಹೋದವು. ಅವಳು ಹೊರಗಿಂದ ಫೆಂಡರ್ ಒತ್ತಿ ಹಿಡಿದರೆ ಅವನು ಕೆಳಗೆ ತೂರಿ ಒಳಗಿಂದ ಬೋಲ್ಟ್ ಬಿಗಿಯುತ್ತಿದ್ದ.

ಒಮ್ಮೆ ಹೆಡ್‌ಲೈಟಿನ ಗುಂಡು ತೂತಿನೊಳಗೆ ಅವನ ಒಂದು ಕಣ್ಣು ಕಾಣಿಸಿತು.

"ಏನು ನೋಡ್ತಿದ್ದೀರಾ?"

"ಬೋಲ್ಟ್."

"ಬೋಲ್ಟ್ ನನ್ನ ಮುಖದಲ್ಲಿಲ್ಲ."

ಕಣ್ಣು ಮಾಯವಾಯಿತು. ಒಳಗೆಲ್ಲೋ ಸ್ಪ್ಯಾನರ್ ಬಿದ್ದ ಸದ್ದು. ಅತ್ತೆ ಪೇಪರಿನ ಹಿಂದೆ ಮುಖ ಮರೆಮಾಡಿಕೊಂಡರು.

ಕೊನೆಗೂ ಫೆಂಡರ್ ಕೂತಿತು. ಬಾಗಿಲ ಸಂದು ಮೇಲಿಂದ ಕೆಳಗೆ ಒಂದೇ ಸಮ, ಪೆನ್ಸಿಲಿನಲ್ಲಿ ಎಳೆದ ಗೆರೆಯ ಹಾಗೆ. ಅವಳ ಹೆಬ್ಬೆರಳು ಅದರ ಮೇಲೆ ಇಳಿಯುತ್ತಾ ಬಂತು. ಕೆಳಗಿನಿಂದ ಅವನದು ಹತ್ತುತ್ತಾ ಬಂತು. ನಡುವೆ ಎರಡೂ ತಾಗಿ ನಿಂತವು. ಇಬ್ಬರೂ ಕೈ ತೆಗೆಯಲಿಲ್ಲ.

"ಇನ್ನು ನನಗಿಲ್ಲಿ ಕೆಲಸ ಇಲ್ಲ," ಅಂದಳು ಮೆಲ್ಲಗೆ.

ಅವನು ಬಟ್ಟೆ ಎತ್ತಿಕೊಂಡು, ಒರೆಸಿದ್ದ ಫೆಂಡರನ್ನೇ ಮತ್ತೆ ಒರೆಸತೊಡಗಿದ. ಅವಳು ಸಾಮಾನು ಕಟ್ಟಿಕೊಂಡು ಹೊರಟಳು. ದಾರಿಯುದ್ದಕ್ಕೂ ಅವನ ಮೇಲೆ ಸಿಟ್ಟು, ತನ್ನ ಮೇಲೆ ಅದಕ್ಕಿಂತ ಹೆಚ್ಚು.

ರೇಸಿನ ದಿನ ಕರೆಯದಿದ್ದರೂ ಹೋದಳು. ಬೆಟ್ಟದ ತುದಿಯಲ್ಲಿ ರೇಸ್ ಮುಗಿಯುವ ಗೆರೆಯ ಹತ್ತಿರ ಅವನು ನಿಂತಿದ್ದ. ಅವಳನ್ನು ಕಂಡವನೇ ಜರುಗಿ ಪಕ್ಕದಲ್ಲಿ ಜಾಗ ಮಾಡಿಕೊಟ್ಟ. ಬರ್ತಾಳೆ ಅಂತ ಗೊತ್ತಿದ್ದವನ ಹಾಗೆ.

ಅತ್ತೆಯ ಕಾರಿಗಿಂತ ಮೊದಲು ಅದರ ಸದ್ದು ಬಂತು. ಆಮೇಲೆ ಹೊಸದಾಗಿ ಬಳಿದ ಕಡು ಹಸಿರು ಬಣ್ಣ ಕೊನೆಯ ತಿರುವಿನಲ್ಲಿ ಹೊಳೆಯಿತು. ಹಿಂದಿನ ಚಕ್ರ ಬಂಡೆಯ ಕಡೆ ಜಾರಿತು. ಅವಳು ಅವನ ತೋಳು ಗಟ್ಟಿಯಾಗಿ ಹಿಡಿದಳು. ಅತ್ತೆ ಬ್ರೇಕ್ ಒತ್ತಲಿಲ್ಲ. ಸ್ಟೀರಿಂಗ್ ತುಸು ತಿರುಗಿಸಿ, ಕಾರನ್ನು ನೆಟ್ಟಗೆ ಮಾಡಿ, ಗೆರೆಯನ್ನು ಬಾಣದ ಹಾಗೆ ದಾಟಿದರು.

ಎಲ್ಲ ಕಾರುಗಳೂ ಬೆಟ್ಟ ಹತ್ತಿಯಾದ ಮೇಲೆ ಮೈಕಿನಲ್ಲಿ ಕೂಗಿದರು, ಎಲ್ಲರಿಗಿಂತ ವೇಗ ಅತ್ತೆಯದೇ ಅಂತ. ಜನ ಅತ್ತೆಯನ್ನು ಮುತ್ತಿಕೊಂಡರು. ಹೆಲ್ಮೆಟ್ ತೆಗೆದ ತಲೆಗೆ ಕೂದಲು ಅಂಟಿ, ಅವರು ಸಣ್ಣ ಹುಡುಗಿಯ ಹಾಗೆ ನಗುತ್ತಿದ್ದರು.

ಅವಳ ಕೈ ಇನ್ನೂ ಅವನ ತೋಳಿನ ಮೇಲೇ ಇತ್ತು.

"ಅವತ್ತು ಹೇಳೋಕಾಗ್ಲಿಲ್ಲ," ಅಂದ ಅವನು. "ನೀವು ಹೋದ ಮೇಲೆ ಆ ಗ್ಯಾರೇಜಿನಲ್ಲಿ ನಿಲ್ಲೋಕೇ ಆಗ್ತಿಲ್ಲ. ನನ್ನ ಮದುವೆ ಆಗ್ತೀರಾ?"

"ಹಾಗೆ ಕೇಳಿದ್ರೆ ಇಲ್ಲ."

ಅವನ ಮುಖ ಸಪ್ಪೆಯಾಯಿತು. ಅವಳು ತುಟಿ ಕಚ್ಚಿ ನಗು ತಡೆದಳು. "'ಆಗ್ತೀಯಾ' ಅಂತ ಕೇಳು."

ಅವನು ಉಸಿರೆಳೆದುಕೊಂಡ. "ಆಗ್ತೀಯಾ?"

"ಆಗ್ತೀನಿ ಕಣೋ."

ಜನರ ನಡುವಿನಿಂದ ಅತ್ತೆ ಇಬ್ಬರ ಮುಖವನ್ನೂ ನೋಡಿದರು, ಕೇಳುವುದೇನೂ ಉಳಿಯಲಿಲ್ಲ. ಬಂದು ಕಾರಿನ ಕೀಯನ್ನು ಅವಳ ಕೈಗಿಟ್ಟರು. "ಇರೋದು ಎರಡೇ ಸೀಟು. ನಾನು ಯಾರ ಕಾರಲ್ಲಾದ್ರೂ ಬರ್ತೀನಿ."

ಅವಳು ಸ್ಟೀರಿಂಗ್ ಹಿಂದೆ ಕೂತಳು. ಮೊಂಡ ಪಕ್ಕದಲ್ಲಿ ಕೂತು, ಗೇರ್ ಹಾಕಿದ ಅವಳ ಕೈಮೇಲೆ ಕೈಯಿಟ್ಟ. ಜನ ದಾರಿ ಬಿಟ್ಟು ಚಪ್ಪಾಳೆ ತಟ್ಟಿದರು. ಬಿಸಿಲಲ್ಲಿ ಹೊಳೆಯುತ್ತಾ ಹಸಿರು ಕಾರು ಬೆಟ್ಟ ಇಳಿಯತೊಡಗಿತು.