ಹಿಂಬದಿಯ ಜಗಲಿ

ಆಸ್ಪತ್ರೆಯ ಹಿಂಬದಿಯ ಜಗಲಿಯಲ್ಲಿ ಗಂಡಸರು ಸಾಲಾಗಿ ನಿಂತಿದ್ದರು. ಎಲ್ಲರ ಮುಖವೂ ಗೋಡೆಯ ಕಡೆಗೆ. ಪದ್ಮನಾಭ ಮುಖಕ್ಕೆ ಅಡ್ಡ ಹಿಡಿದಿದ್ದ ಟವೆಲ್ ಸರಿಸಿ ಕಣ್ಣೆತ್ತಿದ... ಮುಂದೆ ಮುನಿರಾಜು!

ಅದು ಗುಪ್ತರೋಗದ ಕೋಣೆ.

ಹೊಸಹಳ್ಳಿಯ ಶನಿವಾರದ ಭಜನೆಯಲ್ಲಿ ದರ್ಜಿ ಪದ್ಮನಾಭ ಹಾಡಿದರೆ, ಮಿಲ್ಲಿನ ಮುನಿರಾಜು ತಾಳ ಹಾಕುತ್ತಿದ್ದ. ಆ ಸ್ನೇಹ ಪ್ರೀತಿಯಾದದ್ದನ್ನು ಬಲ್ಲವನು ಗುಡಿಯ ಹನುಮಂತರಾಯ ಒಬ್ಬನೇ. ಭಜನೆಯ ನಂತರ ಹೋಟೆಲಿನಲ್ಲಿ ಬೈಟು ಕಾಫಿ. ಒಂದೇ ಕಾಫಿ, ಎರಡು ಲೋಟ.

'ಇವನು ಇಲ್ಲಿಗೇಕೆ ಬಂದ? ಬೇರೆ ಯಾರ ಬಳಿ ಹೋಗಿದ್ದ?' ಎಂದುಕೊಂಡ ಪದ್ಮನಾಭ. ತಿರುಗಿ ನೋಡಿದ ಮುನಿರಾಜುವಿನ ಕಣ್ಣಲ್ಲೂ ಅದೇ ಪ್ರಶ್ನೆ.

ಅಷ್ಟರಲ್ಲಿ ಕಾಂಪೌಂಡರ್ ಬಾಗಿಲಿಗೆ ಬಂದು ಕೂಗಿದ.

"ಹೊಸಹಳ್ಳಿ ಮುನಿರಾಜು ಯಾರ್ರೀ? ಮದುವೆ ಆಗಿದ್ಯಾ?" ಮುನಿರಾಜು ಇಲ್ಲವೆಂದು ತಲೆಯಾಡಿಸಿದ. "ಆಗ್ದೇನೇ ಎಲ್ಲಿಂದ ತಂದ್ಯಪ್ಪಾ ಕಾಯಿಲೆ?"

ಸಾಲಿನಲ್ಲಿ ಯಾರೋ ನಕ್ಕರು. ಮುನಿರಾಜು ಚೀಟಿ ಮುದುರಿ ಎಸೆದು ಹೊರಟುಹೋದ. ಪದ್ಮನಾಭನೂ ತನ್ನ ಸರದಿಗೆ ಕಾಯಲಿಲ್ಲ.

ಆ ಶನಿವಾರ ಮುನಿರಾಜು ಎರಡು ಫುಲ್ ಕಾಫಿ ಹೇಳಿದ. ಪದ್ಮನಾಭ ಲೋಟ ಮುಟ್ಟಲಿಲ್ಲ. 'ಇವನಿಗೆ ನನ್ನೊಡನೆ ಹಂಚಿಕೊಳ್ಳುವುದೂ ಬೇಡವಾಯಿತೇ, ಹನುಮಂತರಾಯಾ...' ಎಂದು ಒಳಗೇ ಬೆಂದ. ಪೇಪರಿನಲ್ಲಿ ಏಡ್ಸ್ ಎಂಬ ಹೊಸ ಕಾಯಿಲೆಯ ಸುದ್ದಿ ಬರತೊಡಗಿದ್ದ ಕಾಲ ಅದು. ಅದು ಬಂದವರ ಬಟ್ಟೆಬರೆ ಸುಟ್ಟುಬಿಡಬೇಕೆಂದು ಪಕ್ಕದ ಟೇಬಲಿನವರು ಮಾತಾಡಿಕೊಳ್ಳುತ್ತಿದ್ದರು.

ಆಮೇಲೆ ಭಜನೆಯಲ್ಲಿ ಇಬ್ಬರೂ ದೂರ ದೂರ ಕುಳಿತರು. ಶ್ರಾವಣದ ಒಂದು ಶನಿವಾರ ತಾಳ ತಪ್ಪಿತು, ಹಾಡು ನಿಂತಿತು. ಗುಡಿಯ ಹಿಂದೆ ಪದ್ಮನಾಭ ಮುನಿರಾಜುವಿನ ತೋಳು ಹಿಡಿದ.

"ಯಾರ ಹತ್ರ ಹೋಗಿದ್ದೆ, ಹೇಳ್ಬಿಡು."

"ಯಾರ ಹತ್ರಾನೂ ಇಲ್ಲ ಕಣೋ. ನೀನು ಸಿಗೋಕ್ ಮುಂಚೆ ಹೆಂಗೆಂಗೋ ಇದ್ದೆ. ಆ ಕಾಯಿಲೆ ಏನಾದ್ರೂ ಇದ್ರೆ ನಿಂಗೆ ಅಂಟಬಾರ್ದು ಅಂತ ರಕ್ತ ಟೆಸ್ಟ್ ಮಾಡ್ಸಕ್ ಬಂದಿದ್ದೆ... ನೀನು?"

ಪದ್ಮನಾಭ ಹಿಡಿದಿದ್ದ ತೋಳು ಬಿಟ್ಟ.

"ನಾನೂ ಅದಕ್ಕೇ ಕಣೋ."

ಇಬ್ಬರೂ ಅತ್ತರು. ಸೋಮವಾರ ಆಸ್ಪತ್ರೆಗೆ ಜೊತೆಯಲ್ಲೇ ಹೋಗುವುದೆಂದು ಹನುಮಂತರಾಯನ ಮುಂದೆ ಮಾತಾಯಿತು.

ಹೋದರು. ಜಗಲಿಯ ತಿರುವಿನಲ್ಲಿ, ಕಣ್ಣಿನ ಡಾಕ್ಟರ ಸಾಲಿನಲ್ಲಿ, ಮುನಿರಾಜುವಿನ ಸೋದರತ್ತೆ ಶಿವಗಂಗಮ್ಮ ಕುಳಿತಿದ್ದರು.

"ಏನ್ಲಾ ಮುನಿಯಾ, ಆ ಕಡೆ ಯಾಕ್ಲಾ ಹೋಯ್ತಿದ್ದೀಯ? ಅದು ಕೆಟ್ಟೋರು ಹೋಗೋ ಜಾಗ."

"ದಾರಿ ತಪ್ತು ಅತ್ತೆ" ಎಂದ ಮುನಿರಾಜು.

ಇಬ್ಬರೂ ಹಿಂದಿರುಗಿದರು. ಹೋಟೆಲಿನಲ್ಲಿ ಮುನಿರಾಜು ಬೈಟು ಹೇಳಿದ. ಪದ್ಮನಾಭ ತನ್ನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಪ್ರೀತಿ ಮರಳಿ ಬಂದಿತ್ತು. ರಕ್ತದಲ್ಲಿ ಏನಿದೆಯೋ, ಅದು ಮಾತ್ರ ಇಬ್ಬರಿಗೂ ತಿಳಿಯದೇ ಉಳಿದಿತ್ತು.

"ಮುಂದಿನ ವಾರ ಹೋಗೋಣ್ವಾ?"

"ಹೋಗೋಣ" ಎಂದ ಮುನಿರಾಜು, ಕಣ್ಣು ತಪ್ಪಿಸಿ. "ಕಾಫಿ ಆರೋಗುತ್ತೆ... ಕುಡಿಯೋ."