ನಿಂಬೆಹಣ್ಣು ಹತ್ತಿದ ಕಂಪ್ಯೂಟರ್

ಅಕ್ಟೋಬರ್ 3, ಶುಕ್ರವಾರ. ಬೆಳಿಗ್ಗೆ 9.20ಕ್ಕೆ ಮಧುಗಿರಿ ಠಾಣೆಗೆ ಬಂದ ಪರ್ವತಯ್ಯ, ಕೂತ್ಕೊಳ್ಳಿ ಅನ್ನುವ ಮೊದಲೇ ಕೂತರು. ಊರಲ್ಲಿ ಅವರದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ತಿಥಿ ಕಾರ್ಡು, ಅರ್ಜಿ ಎಲ್ಲ ಟೈಪಾಗುವುದು ಅಲ್ಲೇ. ಬುಧವಾರ ಆಯುಧಪೂಜೆ ಮಾಡಿ ಬಾಗಿಲು ಹಾಕಿದ್ದರು, ಗುರುವಾರ ಹಬ್ಬದ ರಜೆ. ಇವತ್ತು ಬಂದು ನೋಡಿದರೆ ಕಂಪ್ಯೂಟರ್ ಏಳಲೇ ಇಲ್ಲ. ಪಕ್ಕದ ಮೊಬೈಲ್ ಅಂಗಡಿಯವರನ್ನು ಕರೆಸಿ ಬಿಚ್ಚಿಸಿದರೆ ಒಳಗಿನ ಹಾರ್ಡ್ ಡಿಸ್ಕೇ ಮಾಯ.

ಅಂಗೈಯಗಲದ ಸಾಮಾನಿಗೆ ಒಂದು ಎಫ್ಐಆರ್ ಬೇರೆ ಕೇಡು ಎಂದುಕೊಂಡರು ಹೆಡ್ ಕಾನ್‌ಸ್ಟೆಬಲ್ ಗಂಗಹನುಮಯ್ಯ. ಇಪ್ಪತ್ತೇಳು ವರ್ಷದ ಸರ್ವೀಸಿನಲ್ಲಿ ಕುರಿ, ಕೋಳಿ, ಪಂಪ್‌ಸೆಟ್ಟು ಹುಡುಕಿದವರು ಅವರು; ಕಂಪ್ಯೂಟರ್ ಕಂಡರೆ ಮೈ ಉರಿಯುತ್ತಿತ್ತು. ಅಷ್ಟರಲ್ಲಿ ಗೋಡೆ ತಡವುತ್ತಾ ಒಬ್ಬ ಮುದುಕರು ಒಳಗೆ ಬಂದರು. ನಾಗಲಮಡಿಕೆ ಕಡೆಯ ಸಿದ್ದಗಂಗಯ್ಯ ಮೇಷ್ಟ್ರು, ನಿವೃತ್ತರಾದ ಮೇಲೆ ಮಧುಗಿರಿಯಲ್ಲೇ ಮನೆ ಮಾಡಿದವರು.

"ಅದರಾಗೆ ನನ್ನ ಪುಸ್ತಕ ಐತೆ ನಾಯನಾ. ನಮ್ಮ ಸೀಮೆ ಕೆರೆ, ಕಟ್ಟೆ, ಬಾವಿಗಳ ಹೆಸರು. ಹನ್ನೊಂದು ವರ್ಷ ಸೈಕಲ್ ತುಳಿದು, ಊರೂರಲ್ಲಿ ಕೇಳಿ ಬರೆದದ್ದು. ಹೇಳಿದೋರಲ್ಲಿ ಮುಕ್ಕಾಲು ಜನ ಈಗಿಲ್ಲ."

"ಬರೆದ ಕಾಗದ ಎಲ್ಲಿ ಮೇಷ್ಟ್ರೇ?"

"ಟೈಪಾದಂಗೆಲ್ಲ ಒಲೆಗೆ ಹಾಕ್ದೆ. ಕಂಪ್ಯೂಟರಿಗೆ ಹೋದ್ಮೇಲೆ ಕಾಗದ ಯಾಕೆ ಅಂತ."

"ಬೇರೆ ಕಡೆ ಕಾಪಿ?"

"ಪ್ರತಿ ಶನಿವಾರ ಕೇಳ್ತಿದ್ದೆ. ತೆಗ್ದಿದ್ದೀನಿ ಮೇಷ್ಟ್ರೇ ಅಂತಿದ್ದ ಆಪರೇಟರ್ ನವೀನ. ಎಲ್ಲಿಟ್ಟಿದ್ದಾನೋ ಗೊತ್ತಿಲ್ಲ. ಇನ್ನೊಂದ್ಸಲ ತಿರುಗಾನ ಅಂದ್ರೆ ನಂಗೆ ಕಣ್ಣೇ ಇಲ್ಲ." ಒಂದು ಕಣ್ಣು ಪೂರಾ ಹೋಗಿತ್ತು, ಇನ್ನೊಂದರಲ್ಲಿ ನೆರಳು ಮಾತ್ರ ಕಾಣುತ್ತಿತ್ತು.

ಗಂಗಹನುಮಯ್ಯನವರ ತಾತ್ಸಾರ ಅಲ್ಲೇ ಇಳಿದುಹೋಯಿತು. ಬೆಳಿಗ್ಗೆ 10.05ಕ್ಕೆ ಭಾರತೀಯ ನ್ಯಾಯ ಸಂಹಿತೆ ಕಲಂ 305ರ ಅಡಿ ಎಫ್ಐಆರ್ ದಾಖಲಾಯಿತು.

10.40ಕ್ಕೆ ಪಿಎಸ್ಐ ಅಶ್ವಿನಿಯವರ ಜೊತೆ ಸ್ಥಳ ಪಂಚನಾಮೆ. ಬೀಗ ಮುರಿದಿಲ್ಲ. ಪ್ರಿಂಟರ್, ಜೆರಾಕ್ಸ್ ಮೆಷಿನ್, ಗಲ್ಲಾಪೆಟ್ಟಿಗೆಯ ಚಿಲ್ಲರೆ ಎಲ್ಲ ಇದ್ದಲ್ಲೇ ಇವೆ. ಮೇಜಿನ ಮೇಲೆ ಅರಿಶಿನ, ಕುಂಕುಮ ಮತ್ತು ಅಪ್ಪಚ್ಚಿಯಾದ ಎರಡು ನಿಂಬೆಹಣ್ಣು.

"ಕಂಪ್ಯೂಟರಿನ ಹೂವಿನ ಹಾರ ಯಾರು ತೆಗೆದದ್ದು?" ಗಂಗಹನುಮಯ್ಯ ಕೇಳಿದರು.

"ನಾನೇ, ಇವತ್ತು ಬೆಳಿಗ್ಗೆ. ಪೂಜೇಲಿ ಹೆಂಗೆ ಹಾಕಿದ್ವೋ ಅಂಗೇ ಇತ್ತು," ಎಂದರು ಪರ್ವತಯ್ಯ.

ಗಂಗಹನುಮಯ್ಯ ಮೇಡಂ ಮುಖ ನೋಡಿದರು. ಡಿಸ್ಕ್ ಬಿಚ್ಚಿ, ಮುಚ್ಚಳ ಹಾಕಿ, ನಾಲ್ಕೂ ಸ್ಕ್ರೂ ಬಿಗಿದು, ಮತ್ತೆ ಹಾರ ಹಾಕಿ ಹೋಗುವಷ್ಟು ಭಕ್ತಿಯಿರುವ ಕಳ್ಳನನ್ನು ಅವರು ಈವರೆಗೆ ಕಂಡಿರಲಿಲ್ಲ.

"ಕೀಲಿ ಯಾರ ಹತ್ರ ಇದೆ?"

"ನನ್ನ ಹತ್ರ ಒಂದು, ನವೀನನ ಹತ್ರ ಒಂದು. ಅವನು ಹಬ್ಬಕ್ಕೆ ಅಂತ ಕಳ್ಳಂಬೆಳ್ಳಕ್ಕೆ, ಅತ್ತೆ ಮನೆಗೆ ಹೋಗವ್ನೆ."

"ನಿಂಬೆಹಣ್ಣು?"

"ಕಾರಿಗೆ ಇಡಲ್ವೇ, ಅಂಗೆ. ನಮ್ಮಂಗ್ಡಿಗೆ ಇದೇ ಗಾಡಿ ಅಂತ ವರ್ಸಾ ವರ್ಸಾ ಆನ್ ಮಾಡಿ, ಡಬ್ಬಾನ ಎತ್ತಿ ಕುಕ್ಕಿ ನಿಂಬೆಹಣ್ಣು ಹತ್ತಿಸ್ತೀವಿ. ಈ ಸಲ ನಾನು ಬೂದುಗುಂಬಳ ತರಕ್ಕೆ ಹೋಗಿದ್ದೆ, ನವೀನ ಒಬ್ನೇ ಹತ್ತಿಸ್ದ."

ಅಶ್ವಿನಿ ಹಣೆ ಒತ್ತಿಕೊಂಡರು. "ಒಳಗೆ ತಟ್ಟೆ ತಿರುಗ್ತಿರುತ್ತೆ ಗಂಗಹನುಮಯ್ಯನವರೇ. ಓಡ್ತಿರುವಾಗ ಕುಕ್ಕಿದರೆ ಅದನ್ನ ಓದೋ ಮುಳ್ಳು ತಟ್ಟೆಗೆ ತಾಗಿ ಡಿಸ್ಕ್ ಕೆಡುತ್ತೆ. ಇಷ್ಟು ವರ್ಷ ತಡೆದುಕೊಂಡಿದ್ದೇ ಪುಣ್ಯ."

ನವೀನ್ ಕುಮಾರನ ಫೋನು ಸ್ವಿಚ್ ಆಫ್. ಅತ್ತೆ ಮನೆಗೆ ಫೋನ್ ಮಾಡಿದರೆ, "ಬೆಳಿಗ್ಗೆನೇ ಸಿರಾಕ್ಕೆ ಹೋದ್ರು. ಟಿಫನ್ ಬಾಕ್ಸಲ್ಲಿ ಅದೇನೋ ಟವಲ್ ಸುತ್ಕೊಂಡು," ಎಂಬ ಉತ್ತರ ಬಂತು.

ಮಧ್ಯಾಹ್ನ 1.15. ಶಿರಾದಲ್ಲಿ ಗಂಗಹನುಮಯ್ಯ ಹೊಕ್ಕ ಮೂರನೆಯ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ನವೀನ ಸ್ಟೂಲಿನ ಮೇಲೆ ಕೂತಿದ್ದ. ಮೂವತ್ತೈದರ ಆಸುಪಾಸು, ಎರಡು ದಿನದ ಗಡ್ಡ. ಖಾಕಿ ಕಂಡು ಎದ್ದು ನಿಂತನೇ ಹೊರತು ಓಡಲಿಲ್ಲ. ಮೇಜಿನ ಮೇಲೆ ಮಡಿಸಿದ ಟವಲ್, ಅದರ ಮೇಲೆ ಡಿಸ್ಕ್, ಎದುರಿಗೆ ಟೇಬಲ್ ಫ್ಯಾನ್. ಡಿಸ್ಕಿನ ಒಳಗಿಂದ ಟಕ್, ಟಕ್ ಎಂಬ ಸದ್ದು. ಪರದೆಯಲ್ಲಿ ಶೇಕಡ 61.

ಗಂಗಹನುಮಯ್ಯ ಕೈ ಚಾಚಿದ್ದೇ ತಡ, ಅಂಗಡಿಯ ಅಂಜನ್ ಕುಮಾರ್ ಅಡ್ಡ ಬಂದ. "ಸಾರ್, ಕೈ ಮುಗೀತೀನಿ, ಮುಟ್ಬೇಡಿ. ಹೊಸ ಡಿಸ್ಕಿಗೆ ಕಾಪಿ ಆಗ್ತಾ ಐತೆ. ಈಗ ನಿಲ್ಸುದ್ರೆ ಇದು ಮತ್ತೆ ಏಳಲ್ಲ."

"ಇನ್ನೆಷ್ಟೊತ್ತು?"

"ಸಾಯಂಕಾಲ ಆಗ್ಬೋದು. ಅಲ್ಲೀಗಂಟ ಬದುಕಿದ್ರೆ."

ಕಳವಿನ ಮಾಲು ಕಣ್ಣೆದುರೇ ಇದೆ. ಜಪ್ತಿ ಮಾಡಿ ಸೀಲ್ ಹಾಕಬೇಕು. ಹಾಕಿದರೆ ಮೇಷ್ಟ್ರ ಹನ್ನೊಂದು ವರ್ಷ ಆ ಸೀಲಿನೊಳಗೇ ಮುಗಿಯುತ್ತದೆ. ಗಂಗಹನುಮಯ್ಯ ಹೊರಗೆ ಬಂದು ಮೇಡಂಗೆ ಫೋನ್ ಹಚ್ಚಿದರು.

"ಪಂಚನಾಮೆ ಬರೆದು ಮುಗಿಸದೆ ಸೀಲ್ ಹಾಕೋಕಾಗಲ್ಲ, ಅಲ್ವಾ?" ಎಂದರು ಅಶ್ವಿನಿ. "ಏನೂ ಬಿಟ್ಟುಹೋಗಬಾರದು. ಕಾಪಿ ಆಗ್ತಿರೋದೂ ಸೇರಿಸಿ, ನಿಧಾನವಾಗಿ ಬರೀರಿ."

ಗಂಗಹನುಮಯ್ಯ ಇಬ್ಬರು ಪಂಚರನ್ನು ಕರೆಸಿ, ಚಕ್ಕಂಬಕ್ಕಳ ಹಾಕಿ ಕೂತರು. ಅಂಗಡಿಯ ಉದ್ದ, ಅಗಲ, ಗೋಡೆಯ ಬಣ್ಣ, ನೇತಾಡುವ ವೈರು ಎಷ್ಟು, ಫ್ಯಾನಿನ ರೆಕ್ಕೆ ಎಷ್ಟು, ಅದರಲ್ಲಿ ಮುಕ್ಕಾಗಿದ್ದು ಯಾವುದು, ಒಂದನ್ನೂ ಬಿಡಲಿಲ್ಲ. ಪಂಚರು ಎರಡು ಸಲ ಟೀ ಕುಡಿದು ಆಕಳಿಸಿದರು. "ಸಾರ್, ಇದನ್ನೆಲ್ಲ ಬರೀಬೇಕಾ?" ಎಂದ ಒಬ್ಬ. "ಕಾನೂನು ಕಣಪ್ಪಾ," ಎಂದು ಗಂಗಹನುಮಯ್ಯ ಪೆನ್ನು ಬದಲಿಸಿದರು.

4.50ಕ್ಕೆ ಲೆಕ್ಕ 88ರಲ್ಲಿ ನಿಂತುಬಿಟ್ಟಿತು. ಸದ್ದೂ ಇಲ್ಲ. ನವೀನ ಕಣ್ಣು ಮುಚ್ಚಿ ಕೈ ಜೋಡಿಸಿದ. ಅವನು ಆರೋಪಿ, ತಾವು ಪೊಲೀಸರು ಅನ್ನುವುದನ್ನು ಮರೆತು ಗಂಗಹನುಮಯ್ಯನವರೂ ಉಸಿರು ಬಿಗಿಹಿಡಿದರು. ಒಂದೆರಡು ನಿಮಿಷವಾದ ಮೇಲೆ ಟಕ್ ಅಂತು. 89.

6.35ಕ್ಕೆ ಕಾಪಿ ಮುಗಿಯಿತು. ಅಂಜನ್ ಹೊಸ ಡಿಸ್ಕ್ ತೆರೆದು ತೋರಿಸಿದ. ಕೆಲವು ಫೋಟೊ ಹೋಗಿದ್ದವು, ಮೇಷ್ಟ್ರ ಪುಸ್ತಕ ಪೂರ್ತಿ ಇತ್ತು. ಗಂಗಹನುಮಯ್ಯನವರಿಗೆ ಕುಣಿಯುವಷ್ಟು ಖುಷಿಯಾಯಿತು. ಕುಣಿಯದೆ, ಹದಿನೆಂಟನೆಯ ಪುಟಕ್ಕೆ ಸಹಿ ಹಾಕಿಸಿ ಎರಡೂ ಡಿಸ್ಕನ್ನು ಜಪ್ತಿ ಮಾಡಿದರು. 6.50ಕ್ಕೆ ಕಾರಣ ತಿಳಿಸಿ ನವೀನ್ ಕುಮಾರನನ್ನು ಬಂಧಿಸಿದರು. ನೌಕರನೇ ಮಾಡಿದ ಕಳವು, ಕಲಂ 306 ಸೇರಿತು.

ಜೀಪಿನಲ್ಲಿ ಅವನು ತಾನಾಗಿಯೇ ಬಾಯಿ ಬಿಟ್ಟ. "ಮೊದಲ್ನೇ ವಾರ ಕಾಪಿ ತೆಗಿಯೋದು ಮರೆತೆ ಸಾರ್. ತೆಗ್ದೆ ಅಂದ್ಬುಟ್ಟೆ. ಆಮೇಲೆ ಎಲ್ಲಾ ಶನಿವಾರನೂ ಅದೇ ಸುಳ್ಳು. ನಿಂಬೆಹಣ್ಣು ಹತ್ತಿಸ್ದಾಗ ಟಕ್ ಅಂತಲ್ಲ, ಎದೆ ಒಡೆದೋಯ್ತು. ರಾತ್ರಿ ಬಂದು ಬೀಗ ತೆಗ್ದು ಬಿಚ್ಕೊಂಡೋದೆ. ನಾಳೆ ಮೇಷ್ಟ್ರು ಬರೋದ್ರೊಳಗೆ ಸರಿಮಾಡಿ ತಂದಿಟ್ರೆ ಸುಳ್ಳು ನಿಜ ಆಗ್ಬುಡ್ತದೆ ಅನ್ಕೊಂಡೆ."

ಶನಿವಾರ ಬೆಳಿಗ್ಗೆ, ಅವನನ್ನು ಕೋರ್ಟಿಗೆ ಕರೆದೊಯ್ಯುವ ಮುಂಚೆ, ಪುಸ್ತಕ ಉಳಿದ ಸುದ್ದಿ ಕೇಳಿ ಮೇಷ್ಟ್ರು ಬಂದರು. ನವೀನ ಕಾಲಿಗೆ ಬಿದ್ದು ಅತ್ತ.

"ಬಯ್ಯಿರಿ ಮೇಷ್ಟ್ರೇ."

"ಬಯ್ತೀನಿ. ಪುರಸೊತ್ತಾಗಿ ಬಯ್ತೀನಿ, ಎದ್ದೇಳು." ಅವರು ಮಾತು ಬಂದ ಕಡೆ ಮುಖ ಮಾಡಿ, ಆಮೇಲೆ ಗಂಗಹನುಮಯ್ಯನವರ ಕಡೆ ತಿರುಗಿದರು. "ಇವನ ಜಾಮೀನಿಗೆ ನಾನೇ ನಿಲ್ತೀನಿ ನಾಯನಾ. ಪಾವಗಡ ತಾಲ್ಲೂಕಿನ ಬಾವಿಗಳು ಇನ್ನೂ ನನ್ನ ತಲೇಲೇ ಅವೆ, ಇಳಿಸ್ಕೊಳ್ಳೋಕೆ ಇವನು ಬೇಕು."

ಜೀಪು ಬರಲು ಇನ್ನೂ ಅರ್ಧ ಗಂಟೆ ಇತ್ತು. ಗಂಗಹನುಮಯ್ಯ ಠಾಣೆಯ ಬಿಳಿ ಹಾಳೆ, ಪೆನ್ನು ತಂದು ನವೀನನಿಗೆ ಕೊಟ್ಟರು. ಮೇಷ್ಟ್ರು ಬೆಂಚಿನ ಮೇಲೆ ಕೂತು ಗಂಟಲು ಸರಿಮಾಡಿಕೊಂಡರು. "ಬಲಸಮುದ್ರ. ಊರ ಮುಂದಿನ ಸೇದೋ ಬಾವಿ, ಹೆಸರು ಅಕ್ಕಯ್ಯನ ಬಾವಿ."

ನವೀನ ಬರೆಯಲು ಬಗ್ಗಿದ. "ತಾಳು," ಎಂದು ತಡೆದ ಗಂಗಹನುಮಯ್ಯ, ಅವನ ಹಾಳೆಯ ಅಡಿಗೆ ಒಂದು ಕಾರ್ಬನ್ ಪೇಪರ್, ಅದರಡಿಗೆ ಇನ್ನೊಂದು ಹಾಳೆ ಇಟ್ಟರು.